ಕೋಡಿಬಾಗದ ಪದ್ಮಿನಿ: ಒಂದು ಹಳೆಯ ಕಾರಿನ ಎರಡು ಮಳೆಗಾಲ

ಈ ಪ್ರಕರಣದ ಕಾರು 1978ರ ಪ್ರೀಮಿಯರ್ ಪದ್ಮಿನಿ. ಮುಂಬೈನ ಕುರ್ಲಾ ಕಾರ್ಖಾನೆಯಲ್ಲಿ ತಯಾರಾದದ್ದು. 1089 ಸಿಸಿಯ ನಾಲ್ಕು ಸಿಲಿಂಡರ್ ಇಂಜಿನ್, ಸ್ಟಿಯರಿಂಗ್ ಕಂಬದಲ್ಲೇ ಗೇರ್, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಕಾರವಾರದಲ್ಲಿ ಕಾಲೇಜು ಮೇಷ್ಟ್ರಾಗಿದ್ದ ಶಿರಸಿ ಕಡೆಯ ಹಿರಿಯರೊಬ್ಬರು ಇದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡು, ನಿವೃತ್ತಿಯಾದ ಮೇಲೂ ಬಿಡದೆ ಓಡಿಸಿದರು. ಅವರು ತೀರಿಕೊಂಡ ನಂತರ ಕಾರು ಕಾರವಾರದ ಕೋಡಿಬಾಗದ ಮನೆಯಲ್ಲೇ ಉಳಿಯಿತು. ತಾಯಿ ಆ ಮನೆಯಲ್ಲಿ, ಮಗ ಬೆಂಗಳೂರಿನಲ್ಲಿ. ಮಗ ಊರಿಗೆ ಬಂದಾಗ ಕಾರು ಹೊರಬೀಳುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೆಡ್ಡಿನಲ್ಲಿ ನಿಲ್ಲುತ್ತದೆ.

2023ರ ಮಳೆಗಾಲ ಮುಗಿದಾಗ ಅದು ಶೆಡ್ಡಿನಿಂದ ಹೊರಗೆ ಬರಲೇ ಇಲ್ಲ. ನಾಲ್ಕು ಜನ ಸೇರಿ ತಳ್ಳಿದರೂ ಹಿಂದಿನ ಚಕ್ರ ಮಿಸುಕಲಿಲ್ಲ. ಕುಮಟಾದಲ್ಲಿ ಹಳೆಯ ಗಾಡಿಗಳ ಕೆಲಸ ಮಾಡುವ ನನಗೆ ಫೋನ್ ಬಂದದ್ದು ಆಗ.

ಯುರೋಪು, ಅಮೆರಿಕದಲ್ಲಿ ಹಳೆಯ ಕಾರುಗಳನ್ನು ಚಳಿಗಾಲಕ್ಕೆ ನಿಲ್ಲಿಸಿಡುವ ಪದ್ಧತಿಯಿದೆ. ಅಲ್ಲಿ ರಸ್ತೆಯ ಹಿಮ ಕರಗಿಸಲು ಉಪ್ಪು ಸುರಿಯುತ್ತಾರೆ, ಆ ಉಪ್ಪಿನಿಂದ ಗಾಡಿಯನ್ನು ದೂರ ಇಡಬೇಕು. ನಮ್ಮ ಕರಾವಳಿಯಲ್ಲಿ ಉಪ್ಪು ಗಾಳಿಯಲ್ಲೇ ಬರುತ್ತದೆ, ನಿಲ್ಲಿಸುವ ಕಾಲ ಮಳೆಗಾಲ. ಹೊರಗೆ 25ರಿಂದ 30 ಡಿಗ್ರಿ ಸೆಖೆ, ಗಾಳಿಯ ತೇವಾಂಶ ವಾರಗಟ್ಟಲೆ 90 ಪ್ರತಿಶತದ ಆಸುಪಾಸು. ಕಾರವಾರಕ್ಕೆ ವರ್ಷಕ್ಕೆ ಹೆಚ್ಚುಕಡಿಮೆ 3000 ಮಿ.ಮೀ. ಮಳೆ, ಅದರ ಬಹುಪಾಲು ಈ ನಾಲ್ಕೇ ತಿಂಗಳಲ್ಲಿ. ಚಳಿದೇಶದವರು ಬರೆದ ಸಲಹೆಗಳಲ್ಲಿ ಕೆಲವು ನಮಗೂ ಸಲ್ಲುತ್ತವೆ. ಆದರೆ "ಗಾಳಿ ಆಡದಂತೆ ಮುಚ್ಚಿಡಿ" ಎಂಬ ಒಂದು ಮಾತು ಇಲ್ಲಿ ಗಾಡಿಯನ್ನು ತಿಂದುಹಾಕುತ್ತದೆ. ಈ ಕಾರನ್ನು ತಿಂದದ್ದೂ ಅದೇ.

ಮೊದಲ ಮಳೆಗಾಲ: ಸಿಕ್ಕ ಸ್ಥಿತಿ

ಶೆಡ್ಡು ಮೂರು ಬದಿ ಚಿರೆಕಲ್ಲಿನ ಗೋಡೆ, ಮೇಲೆ ಹಂಚು, ಮುಂದೆ ಕಬ್ಬಿಣದ ಶಟರ್. ಒಂದು ಹನಿಯೂ ಸೋರುವುದಿಲ್ಲ. ಕಾರಿನ ಮೇಲೆ ದುಬಾರಿ ವಾಟರ್‌ಪ್ರೂಫ್ ಕವರ್, ಅದರ ಅಂಚಿನ ಎಲಾಸ್ಟಿಕ್ ಚಕ್ರದ ಕೆಳಗಿನವರೆಗೂ ಬಿಗಿಯಾಗಿ ಎಳೆದುಕೊಂಡಿತ್ತು. ಕವರ್ ಎತ್ತಿ ತಿರುಗಿಸಿ ನೋಡಿದೆ. ಒಳಮೈ ಒದ್ದೆ, ಅಲ್ಲಲ್ಲಿ ಕಪ್ಪು ಬೂಸ್ಟಿನ ಚುಕ್ಕೆ. ಮಳೆ ಆ ಕಾರನ್ನು ಮುಟ್ಟಿರಲೇ ಇಲ್ಲ. ಹಾಗಾದರೆ ಕವರಿನೊಳಗೆ ನೀರು ಎಲ್ಲಿಂದ?

ಕೇಳುತ್ತ ಹೋದಾಗ ಉತ್ತರ ಸಿಕ್ಕಿತು. ಮೇ ಕೊನೆಯಲ್ಲಿ ಮಗ ಊರಿಗೆ ಬಂದು, ಕಾರನ್ನು ಕಡಲ ಬದಿಯ ರಸ್ತೆಯಲ್ಲಿ ಒಂದು ಸುತ್ತು ಓಡಿಸಿ, ಮಾರನೇ ದಿನ ಪೈಪ್ ಹಿಡಿದು ಚೆನ್ನಾಗಿ ತೊಳೆದು, ಸಂಜೆ ಬಟ್ಟೆಯಲ್ಲಿ ಒರೆಸಿ, ರಾತ್ರಿಯ ಬಸ್ಸಿಗೆ ಮೊದಲು ಕವರ್ ಹಾಕಿ ಹೋಗಿದ್ದ. ತೊಳೆದದ್ದು ಮೇಲ್ಮೈ ಮಾತ್ರ, ಅಡಿಭಾಗದ ಉಪ್ಪು ಹಾಗೇ ಉಳಿಯಿತು. ಬಾಗಿಲಿನ ಒಳಗೆ, ಬೀಡಿಂಗಿನ ಕೆಳಗೆ, ಮ್ಯಾಟಿನ ಅಡಿಯ ಗೋಣಿ ಹಾಸಿನಲ್ಲಿ ನಿಂತ ನೀರು ಆರುವ ಮೊದಲೇ ಕವರ್ ಬಿತ್ತು. ಅದಕ್ಕೆ ನೆಲವೂ ಸೇರಿಕೊಂಡಿತು. ಕೋಡಿಬಾಗ ಕಾಳಿ ನದಿ ಕಡಲು ಸೇರುವ ಜಾಗ, ಮಳೆಗಾಲದಲ್ಲಿ ನೆಲದಡಿಯ ನೀರು ಮೇಲಕ್ಕೇ ಇರುತ್ತದೆ. ಅಲ್ಲಿನ ಹಳೆಯ ಸಿಮೆಂಟ್ ನೆಲ ನಾಲ್ಕು ತಿಂಗಳೂ ಬೆವರುತ್ತದೆ. ಆ ಆವಿ ನೇರ ಮೇಲೇರಿ ಕವರಿನೊಳಗೆ ಸಿಕ್ಕಿಬಿತ್ತು.

ಇದನ್ನೆಲ್ಲ ಮಗನಿಗೆ ಫೋನಿನಲ್ಲಿ ಹೇಳುತ್ತಿದ್ದಾಗ ತಾಯಿ ಪಕ್ಕದಲ್ಲೇ ಇದ್ದರು. ಫೋನ್ ತೆಗೆದುಕೊಂಡು ಅವನಿಗೆ ಹೇಳಿದರು: "ಹಪ್ಪಳ ಒಣಗಿದ್ಮೇಲೇ ಡಬ್ಬಿಗೆ ಹಾಕದು, ತಮಾ. ಹಸಿ ಇದ್ದಾಗ ಮುಚ್ಚಿದ್ರೆ ಬೂಸ್ಟು ಹಿಡೀತು." ನಾನು ಅರ್ಧ ಗಂಟೆ ವಿವರಿಸಿದ್ದು ಅಷ್ಟೇ ಆಗಿತ್ತು.

ಒಂದೊಂದೇ ಬಿಚ್ಚುತ್ತ ಹೋದಾಗ ಕಂಡದ್ದು ಹೀಗೆ. ಚಾಲಕನ ಕಾಲಡಿಯ ರಬ್ಬರ್ ಮ್ಯಾಟ್ ಎತ್ತಿದರೆ ಗೋಣಿ ಹಾಸು ಹಿಂಡಿದರೆ ನೀರು ಬರುವಷ್ಟು ಒದ್ದೆ. ಅದರ ಕೆಳಗಿನ ತಗಡನ್ನು ಸ್ಕ್ರೂಡ್ರೈವರ್ ಹಿಡಿಕೆಯಿಂದ ಮೆಲ್ಲಗೆ ತಟ್ಟಿದೆ. ಹೆಬ್ಬೆರಳಷ್ಟು ಅಗಲದ ಪದರ ಕಳಚಿ ಕೆಳಗೆ ಬಿತ್ತು, ಶೆಡ್ಡಿನ ನೆಲ ಕಾಣಿಸಿತು. ಮುಂದಿನ ಬಂಪರಿನ ಹೊರಮೈಯ ಕ್ರೋಮ್ ಪರವಾಗಿರಲಿಲ್ಲ, ಒಳಮೈ ಪೂರ್ತಿ ಕೆಂಪು. ಹ್ಯಾಂಡ್‌ಬ್ರೇಕ್ ಎಳೆದೇ ಇಟ್ಟಿದ್ದರಿಂದ ಹಿಂದಿನ ಬ್ರೇಕ್ ಶೂಗಳು ಡ್ರಮ್ಮಿಗೆ ಕಚ್ಚಿಕೊಂಡಿದ್ದವು. ಕ್ಲಚ್ ಪ್ಲೇಟ್ ಫ್ಲೈವೀಲಿಗೆ ಅಂಟಿತ್ತು. ಸೀಟಿನ ರೆಕ್ಸಿನ್ ಮೇಲೆ ಬಿಳಿ ಬೂಸ್ಟು. ಏರ್‌ಫಿಲ್ಟರ್ ಡಬ್ಬಿಯಲ್ಲಿ ಇಲಿ ಮರಿ ಹಾಕಿತ್ತು. ಗೂಡಿಗೆ ಬಳಸಿದ್ದು ಹಿಂದಿನ ಸೀಟಿನ ತೆಂಗಿನ ನಾರು. ಬ್ಯಾಟರಿ ಸತ್ತಿತ್ತು.

ಇವೆಲ್ಲ ಕಾಸು ಖರ್ಚು ಮಾಡಿದರೆ ಸರಿಯಾಗುವಂಥವು. ನನಗೆ ಹೆಚ್ಚು ಸಂಕಟವಾದದ್ದು ಇಂಜಿನ್ ನೋಡಿ. ಏಕೆಂದರೆ ಅದು ಹಾಳಾದದ್ದು ಕಾಳಜಿಯಿಂದಲೇ.

ಭಾನುವಾರದ ಐದು ನಿಮಿಷ

ಮನೆಗೆಲಸಕ್ಕೆ ಬರುವ ಹುಡುಗನಿಗೆ ಮಗ ಹೇಳಿ ಹೋಗಿದ್ದ: ಪ್ರತಿ ಭಾನುವಾರ ಚಾಲೂ ಮಾಡಿ ಐದು ನಿಮಿಷ ಬಿಡು. ಹುಡುಗ ತಪ್ಪದೆ ಮಾಡಿದ, ಆಗಸ್ಟಿನಲ್ಲಿ ಬ್ಯಾಟರಿ ಕೈಕೊಡುವವರೆಗೂ. ನಮ್ಮ ಜಿಲ್ಲೆಯಲ್ಲಿ ಹಳೆಯ ಗಾಡಿ ಇರುವ ಹತ್ತು ಮನೆಯಲ್ಲಿ ಕೇಳಿದರೆ ಎಂಟು ಮನೆಯಲ್ಲಿ ಇದೇ ರೂಢಿ ಸಿಗುತ್ತದೆ. ದಯವಿಟ್ಟು ಇದನ್ನು ನಿಲ್ಲಿಸಿ ಎಂದು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ, ಇಲ್ಲೂ ಹೇಳುತ್ತೇನೆ.

ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ಓಡುವ ಗಾಡಿಯಲ್ಲಿ ಸೈಲೆನ್ಸರ್ ಕಾದು ಆ ಆವಿ ಹೊರಗೆ ಹೋಗುತ್ತದೆ, ಇಂಜಿನ್ ಆಯಿಲ್ ಬಿಸಿಯಾಗಿ ಅದರೊಳಗಿನ ತೇವವೂ ಆರುತ್ತದೆ. ನಿಂತಲ್ಲೇ ಐದು ನಿಮಿಷ ಓಡಿದರೆ ಎರಡೂ ಆಗುವುದಿಲ್ಲ. ಆವಿ ತಣ್ಣನೆಯ ಸೈಲೆನ್ಸರಿನಲ್ಲಿ ನೀರಾಗಿ ನಿಲ್ಲುತ್ತದೆ, ಒಂದಿಷ್ಟು ಪಿಸ್ಟನ್ ರಿಂಗ್ ದಾಟಿ ಕೆಳಗೆ ಆಯಿಲಿಗೆ ಸೇರುತ್ತದೆ. ತಣ್ಣಗಿರುವಾಗ ಪೆಟ್ರೋಲಿನ ಪಾಲು ಹೆಚ್ಚಿಸುವ ಚೋಕ್ ಎಳೆದೇ ಚಾಲೂ ಮಾಡುವುದರಿಂದ ಹಸಿ ಪೆಟ್ರೋಲು ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆದುಹಾಕುತ್ತದೆ. ಸ್ಟಾರ್ಟರ್ ಎಳೆದುಕೊಂಡ ಕರೆಂಟು ಅಷ್ಟು ಹೊತ್ತಿನಲ್ಲಿ ಬ್ಯಾಟರಿಗೆ ವಾಪಸು ಬರುವುದೂ ಇಲ್ಲ. ಈ ಕಾರಿನ ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಒಳಗೆ ಬಿಳಿಚಾದ ಕೆನೆ ಕಟ್ಟಿತ್ತು. ಸೈಲೆನ್ಸರಿನ ಕೆಳಮೈ ಬೆರಳಿಟ್ಟರೆ ತೂತಾಗುವಷ್ಟು ಮೆತ್ತಗಾಗಿತ್ತು.

ಬ್ಯಾಟರಿ ಸತ್ತ ಮೇಲೆ ಇಂಜಿನ್ ಒಂದೇ ಜಾಗದಲ್ಲಿ ನಿಂತಿತು. ನಾಲ್ಕು ಸಿಲಿಂಡರ್ ಇಂಜಿನ್ ಹೇಗೆ ನಿಂತರೂ ಯಾವುದಾದರೊಂದು ವಾಲ್ವ್ ತೆರೆದಿರುತ್ತದೆ. ಆ ದಾರಿಯಲ್ಲಿ ಹೊರಗಿನ ಹಸಿ ಗಾಳಿ ನೇರ ಸಿಲಿಂಡರಿಗೆ. ಇಂಜಿನ್ನಿನ ಮೇಲ್ಭಾಗವಾದ ಹೆಡ್ ಇಳಿಸಿದಾಗ ಮೂರನೇ ಸಿಲಿಂಡರಿನ ಗೋಡೆಯಲ್ಲಿ, ರಿಂಗ್ ನಿಂತ ಮಟ್ಟಕ್ಕೆ ಸರಿಯಾಗಿ, ತೆಳ್ಳಗಿನ ತುಕ್ಕಿನ ಗೆರೆ ಸುತ್ತಲೂ ಇತ್ತು. ಉಳಿದ ಮೂರು ಸಿಲಿಂಡರ್ ಸ್ವಚ್ಛ. ಹೋನಿಂಗ್ ಮಾಡಿಸಿ, ಅಂದರೆ ಗೋಡೆಯನ್ನು ತೆಳ್ಳಗೆ ಉಜ್ಜಿಸಿ, ಹೊಸ ರಿಂಗ್ ಹಾಕಿ ಉಳಿಸಿಕೊಂಡೆವು, ಸಿಲಿಂಡರನ್ನೇ ಕೊರೆದು ಅಗಲಿಸಿ ಬೋರ್ ಮಾಡಿಸುವ ಹಂತಕ್ಕೆ ಹೋಗಿರಲಿಲ್ಲ.

ತುಕ್ಕಿನ ಲೆಕ್ಕಾಚಾರ

ಎರಡನೇ ಮಳೆಗಾಲಕ್ಕೆ ಏನು ಮಾಡಬೇಕೆಂದು ಕೂತು ಯೋಚಿಸುವಾಗ ಮಗನ ಮೊದಲ ಪ್ರಶ್ನೆ: ತೇವ ಹೀರುವ ಸಿಲಿಕಾ ಜೆಲ್ ಚೀಲ ಎಷ್ಟು ತರಿಸಲಿ? ಆ ಪ್ರಶ್ನೆಗೆ ಲೆಕ್ಕ ಮಾಡಿಯೇ ಉತ್ತರ ಕೊಡಬೇಕು.

28 ಡಿಗ್ರಿಯ ಗಾಳಿ ಒಂದು ಘನ ಮೀಟರಿಗೆ ಹೆಚ್ಚೆಂದರೆ 27 ಗ್ರಾಂ ನೀರಿನ ಆವಿ ಹಿಡಿಯುತ್ತದೆ. ಆ ಶೆಡ್ಡು ಸುಮಾರು 54 ಘನ ಮೀಟರ್. ತೇವಾಂಶ 90 ಪ್ರತಿಶತವಿದ್ದರೆ ಶೆಡ್ಡಿನ ಗಾಳಿಯಲ್ಲೇ 1.3 ಕಿಲೊ ನೀರು. ಅದನ್ನಷ್ಟೂ ಹೀರಿದೆವು ಅನ್ನಿ, ಹಂಚಿನ ಸಂದಿಯಿಂದ ಸ್ವಲ್ಪ ಹೊತ್ತಿನಲ್ಲೇ ಹೊಸ ಹಸಿ ಗಾಳಿ ಬಂದು ತುಂಬುತ್ತದೆ. ಹಳಬರು ಬಟ್ಟಲಿನಲ್ಲಿಡುವ ಸುಡು ಸುಣ್ಣದ ಕಲ್ಲು ಕಿಲೊ ಒಂದಕ್ಕೆ 320 ಗ್ರಾಂ ನೀರು ಹೀರುತ್ತದೆ, ಅಲ್ಲಿಗೆ ಮುಗಿಯಿತು. ಮೇಲಾಗಿ ಅದು ನೀರು ತಾಗಿದರೆ ಕಾದು ಉಬ್ಬುತ್ತದೆ, ಕಾರಿನೊಳಗೆ ಇಡುವ ವಸ್ತುವಲ್ಲ. ಅಂದರೆ ತೆರೆದ ಶೆಡ್ಡಿನಲ್ಲಿ ನೀರು ಹೀರುವ ಯಾವ ಪುಡಿಯೂ ಕೆಲಸಕ್ಕೆ ಬಾರದು. ಕಾರಿನ ಕ್ಯಾಬಿನ್ನಿನ ಮಾತು ಬೇರೆ. ಅದು ಮೂರು ಘನ ಮೀಟರ್ ಮೀರುವುದಿಲ್ಲ, ಒಳಗಿನ ನೀರು 70-80 ಗ್ರಾಂ ಅಷ್ಟೇ. ಆ ಸಣ್ಣ ಜಾಗವನ್ನು ಪಳಗಿಸಬಹುದು.

ಇನ್ನೊಂದು ಲೆಕ್ಕ ಉಪ್ಪಿನದು. ಬರೀ ಕಬ್ಬಿಣ ಗಾಳಿಯ ತೇವಾಂಶ 60 ಪ್ರತಿಶತ ದಾಟಿದ ಮೇಲೆ ಬೇಗ ತುಕ್ಕು ಹಿಡಿಯುತ್ತದೆ. ಅಡುಗೆ ಉಪ್ಪು 75 ಪ್ರತಿಶತದಲ್ಲಿ ಗಾಳಿಯ ನೀರನ್ನು ತಾನೇ ಎಳೆದುಕೊಂಡು ಕರಗುತ್ತದೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡೂ ಇದೆ, ಅದಕ್ಕೆ 33 ಪ್ರತಿಶತ ಸಾಕು. ಹಾಗಾಗಿ ತಗಡಿನ ಮೇಲೆ ಕಡಲ ಉಪ್ಪು ಕೂತಿದ್ದರೆ, ನಮ್ಮ ಕಣ್ಣಿಗೆ ಒಣಗಿದಂತೆ ಕಂಡರೂ ಅದು ಒದ್ದೆಯೇ. ಮಳೆಗಾಲಕ್ಕೆ ಮುಂಚಿನ ಅತಿ ದೊಡ್ಡ ಕೆಲಸ ಪಾಲಿಶ್ ಅಲ್ಲ, ಗಾಡಿಯ ಹೊಟ್ಟೆ ತೊಳೆಯುವುದು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಬೆಚ್ಚಗೆ ಮಾಡುವ ಉಪಾಯವೂ ಲೆಕ್ಕಕ್ಕೆ ಸಿಗುತ್ತದೆ. 27 ಡಿಗ್ರಿ, 90 ಪ್ರತಿಶತದ ಗಾಳಿಯನ್ನು ಮೂರೇ ಡಿಗ್ರಿ ಕಾಯಿಸಿದರೆ ತೇವಾಂಶ 76ರ ಹತ್ತಿರಕ್ಕೆ ಇಳಿಯುತ್ತದೆ, ಐದು ಡಿಗ್ರಿ ಕಾಯಿಸಿದರೆ 68ಕ್ಕೆ. ನೀರು ಎಲ್ಲಿಗೂ ಹೋಗಿರುವುದಿಲ್ಲ, ಆದರೆ ತಗಡಿನ ಮೇಲೆ ಕೂರುವುದಿಲ್ಲ. ಕ್ಯಾಮೆರಾ ಇಡುವ ಕಪಾಟಿನಲ್ಲಿ ಬಲ್ಬ್ ಉರಿಸುವುದು ಇದೇ ಕಾರಣಕ್ಕೆ.

ಎಲ್ಲಿ ಇಡುವುದು

ಹುಬ್ಬಳ್ಳಿಗೆ ಕಳಿಸಿಬಿಡೋಣ ಎಂದ ಮಗ. ಘಟ್ಟದಾಚೆಗಿನ ಒಣ ಊರು, ಮಳೆ ನಮ್ಮದರ ಕಾಲು ಭಾಗ. ಕಾರಿಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ, ನಾನೂ ಒಪ್ಪುತ್ತೇನೆ. ಅಲ್ಲಿ ಬಾಡಿಗೆಗೆ ಗೋದಾಮಿನ ಮೂಲೆಯೂ ಸಿಗುತ್ತಿತ್ತು. ಆದರೆ ಅಲ್ಲಿ ಅದನ್ನು ನೋಡುವವರು ಯಾರೂ ಇರಲಿಲ್ಲ. ನಾಲ್ಕು ತಿಂಗಳಲ್ಲಿ ಒಂದು ಇಲಿ ವೈರಿಂಗ್ ಪೂರ್ತಿ ಮುಗಿಸಬಲ್ಲದು. ಶಿರಸಿಯ ಮೂಲಮನೆಯಲ್ಲಿ ಅಡಿಕೆ ಕೊಟ್ಟಿಗೆ ಖಾಲಿಯಿತ್ತು. ಅಲ್ಲಿ ಕಡಲ ಉಪ್ಪಿಲ್ಲ, ಆದರೆ ಮಳೆ ಅಲ್ಲೂ ಜೋರೇ, ಬಿಸಿಲು ಇನ್ನೂ ಅಪರೂಪ, ಮರದ ಅಟ್ಟಕ್ಕೂ ಬೂಸ್ಟು ಬರುವ ಜಾಗ. ಮುಂಡಗೋಡ ಕಡೆ ಪರಿಚಯದವರಿದ್ದರೆ ನಾನು ಅದನ್ನೇ ಆರಿಸುತ್ತಿದ್ದೆ; ಜಿಲ್ಲೆಯೊಳಗೇ ಮಳೆ ಕಡಿಮೆ ಇರುವ ಬದಿ ಅದು.

ಕೊನೆಗೆ ಕೋಡಿಬಾಗದಲ್ಲೇ ಇಡುವುದೆಂದಾಯಿತು. ದಿನಾ ಒಬ್ಬರಾದರೂ ಶೆಡ್ಡಿನ ಬಾಗಿಲು ತೆರೆಯುವ ಮನೆ ಅದು, ಆ ಹುಡುಗನಿಗೂ ಕಾರಿನ ಮೇಲೆ ಪ್ರೀತಿಯಿತ್ತು. ಶೆಡ್ಡನ್ನು ತಿದ್ದಬಹುದು. ನೋಡುವ ಕಣ್ಣನ್ನು ಬಾಡಿಗೆಗೆ ತರಲಾಗುವುದಿಲ್ಲ.

2024ರ ತಯಾರಿ

ಶೆಡ್ಡಿನಿಂದ ಶುರು. ಮಳೆಗಾಲದ ಗಾಳಿ ನೈಋತ್ಯದಿಂದ, ಅಂದರೆ ಕಡಲ ಕಡೆಯಿಂದ ಬೀಸುತ್ತದೆ. ಆ ಬದಿಯ ಗೋಡೆಗೆ ಹೊರಗಿನಿಂದ ತೆಂಗಿನ ಮಡಲಿನ ತಟ್ಟಿ ಎರಡು ಪದರ ಕಟ್ಟಿಸಿದೆವು. ಚಿರೆಕಲ್ಲು ಜಡಿಮಳೆ ಕುಡಿದು ತಿಂಗಳುಗಟ್ಟಲೆ ಒಳಕ್ಕೆ ತೇವ ಬಿಡುತ್ತದೆ, ತಟ್ಟಿ ಅದನ್ನು ತಡೆಯುತ್ತದೆ. ಮನೆಗೆ ಕಟ್ಟುವಾಗ ಶೆಡ್ಡಿಗೂ ಎರಡು ಹೆಚ್ಚು ಹೆಣೆಸಿದರಾಯಿತು, ಖರ್ಚು ಏನೂ ಅಲ್ಲ. ಶಟರ್ ಇರುವುದು ಪೂರ್ವಕ್ಕೆ. ಅದನ್ನು ಅರ್ಧ ಎತ್ತಿ, ಕೆಳಗೆ ಸಣ್ಣ ಕಣ್ಣಿನ ಜಾಳಿಗೆಯ ಚೌಕಟ್ಟು ಕೂರಿಸಿದೆವು. ಎದುರಿನ ಗೋಡೆಯ ಮೇಲ್ತುದಿಯಲ್ಲಿ, ಮಾಡಿನ ಇಳಿಜಾರಿನ ಕೆಳಗೆ, ಎರಡು ಕಲ್ಲು ಕಿತ್ತು ಅಲ್ಲೂ ಜಾಳಿಗೆ. ಗಾಳಿ ಕೆಳಗಿನಿಂದ ಬಂದು ಮೇಲಿನಿಂದ ಹೋಗಲು ದಾರಿಯಾಯಿತು. ನೆಲಕ್ಕೆ ದಪ್ಪ ತಾಡಪಾಲು, ಅದರ ಮೇಲೆ ಚಕ್ರ ನಿಲ್ಲುವಲ್ಲಿ ಹಲಗೆ.

ಮೇ ಎರಡನೇ ವಾರದಲ್ಲಿ ಕಾರನ್ನು ರ‍್ಯಾಂಪಿಗೆ ಹತ್ತಿಸಿ ಅಡಿಭಾಗ ತೊಳೆದೆವು. ಇಲ್ಲಿ ಒಂದು ಎಚ್ಚರಿಕೆ: ನದೀಮುಖದ ಬಾವಿಗಳು ಮೇ ಹೊತ್ತಿಗೆ ಸವಳಾಗುತ್ತವೆ. ಆ ನೀರಲ್ಲಿ ತೊಳೆದರೆ ಉಪ್ಪನ್ನು ಮತ್ತೆ ಬಳಿದಂತೆ. ನಳದ ನೀರನ್ನೇ ಹಿಡಿದಿಟ್ಟು ಬಳಸಿದೆವು. ಬಾಗಿಲುಗಳ ಕೆಳ ಅಂಚಿನ ತೂತುಗಳಿಗೆ ತಂತಿ ಹಾಕಿ ಕಸ ತೆಗೆದದ್ದೇ ನಾಲ್ಕೂ ಬಾಗಿಲಿನಿಂದ ಕೆಂಪು ನೀರು ಇಳಿಯಿತು. ಆಮೇಲೆ ಬಾಗಿಲು, ಡಿಕ್ಕಿ, ಬಾನೆಟ್ ಎಲ್ಲ ತೆರೆದು ಮೇ ಬಿಸಿಲಿಗೆ ಬಿಟ್ಟೆವು; ಕದ್ರಾ ಕಡೆಗೆ ಒಂದು ಗಂಟೆ ಓಡಿಸಿ ಇಂಜಿನ್, ಸೈಲೆನ್ಸರ್, ಬ್ರೇಕ್ ಡ್ರಮ್ ಎಲ್ಲವನ್ನೂ ಕಾಯಿಸಿ ಒಣಗಿಸಿದೆವು. ಹೊಸ ಬೆಸುಗೆಯಾದ ನೆಲದ ತಗಡಿಗೆ ಎರಡೂ ಬದಿ ಪ್ರೈಮರ್, ಬಣ್ಣ, ಅದರ ಮೇಲೆ ಮೇಣದ ಲೇಪ.

ಇಂಜಿನ್ನಿನಿಂದ ತೆಗೆದ ಹಳೆಯ ಸುಟ್ಟ ಆಯಿಲನ್ನೇ ಅಡಿಭಾಗಕ್ಕೆ ಬಳಿಯೋಣ ಎಂದವರಿದ್ದರು. ಲಾರಿಗಳಿಗೆ ಹಾಗೇ ಮಾಡುತ್ತಾರೆ. ನಾನು ಬೇಡವೆಂದೆ. ಸುಟ್ಟ ಆಯಿಲಿನಲ್ಲಿ ಆಮ್ಲವಿರುತ್ತದೆ, ಸಸ್ಪೆನ್ಶನ್ ಬುಷ್‌ಗಳ ರಬ್ಬರನ್ನೂ ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಕ್ರೋಮಿಗೆ ತೆಂಗಿನೆಣ್ಣೆಯೂ ಬೇಡ. ಮುಗ್ಗಿ ಅಂಟಾಗಿ ಇರುವೆ ಕರೆಯುತ್ತದೆ. ವ್ಯಾಸಲಿನ್ ಸಾಕು, ಬಂಪರಿನ ಒಳಮೈಗೆ ದಪ್ಪವಾಗಿ.

ಇಂಜಿನ್ ಆಯಿಲನ್ನು ನಿಲ್ಲಿಸುವ ಮೊದಲೇ ಬದಲಿಸಬೇಕು, ತೆಗೆಯುವಾಗ ಅಲ್ಲ. ಹಳೆಯ ಆಯಿಲಿನ ಆಮ್ಲ ಮತ್ತು ನೀರು ನಾಲ್ಕು ತಿಂಗಳು ಬೇರಿಂಗಿನ ಮೇಲೆ ಕೂರಬಾರದು. ಸ್ಪಾರ್ಕ್ ಪ್ಲಗ್ ಬಿಚ್ಚಿ ಒಂದೊಂದು ಸಿಲಿಂಡರಿಗೂ ಒಂದೊಂದು ಚಮಚ ಆಯಿಲ್ ಬಿಟ್ಟು, ಫ್ಯಾನ್ ಬೆಲ್ಟ್ ಒತ್ತಿ ಹಿಡಿದು ಕೈಯಲ್ಲೇ ಇಂಜಿನ್ ತಿರುಗಿಸಿದೆವು. ಸೈಲೆನ್ಸರ್ ಬಾಯಿಗೂ ಕಾರ್ಬ್ಯುರೇಟರ್ ಬಾಯಿಗೂ ಎಣ್ಣೆ ಬಟ್ಟೆ ತುರುಕಿ, ಅಲ್ಲಿ ಬಟ್ಟೆ ಇದೆ ಎಂದು ಚೀಟಿ ಬರೆದು ಸ್ಟಿಯರಿಂಗಿಗೆ ಕಟ್ಟಿದೆವು. ರೇಡಿಯೇಟರಿಗೆ ಕೂಲೆಂಟ್. ಇಲ್ಲಿ ನೀರು ಹೆಪ್ಪುಗಟ್ಟುವ ಭಯವಿಲ್ಲ, ಆದರೆ ಕೂಲೆಂಟಿನಲ್ಲಿ ತುಕ್ಕು ತಡೆಯುವ ರಾಸಾಯನಿಕವಿದೆ, ಬರೀ ನಳದ ನೀರಿಗೆ ಆ ಗುಣವಿಲ್ಲ.

ಪೆಟ್ರೋಲಿನ ವಿಷಯದಲ್ಲಿ ಪೂರ್ತಿ ಸಮಾಧಾನದ ಉತ್ತರ ಇಲ್ಲ. ಈಗ ಬಂಕಿನಲ್ಲಿ ಸಿಗುವುದು ಎಥನಾಲ್ ಬೆರೆತದ್ದು, ಎಥನಾಲ್ ಗಾಳಿಯ ತೇವ ಎಳೆಯುತ್ತದೆ, ಆ ಕಾಲದ ರಬ್ಬರ್ ಪೈಪುಗಳನ್ನು ಒಡೆಯಿಸುತ್ತದೆ. ಟ್ಯಾಂಕ್ ಅರ್ಧ ಇಟ್ಟರೆ ಮೇಲಿನ ಖಾಲಿ ಜಾಗದ ತಗಡು ಬೆವರಿ ತುಕ್ಕು ಹಿಡಿಯುತ್ತದೆ. ಹಿಂದಿನ ವರ್ಷ ಆದದ್ದು ಅದೇ. ಕುತ್ತಿಗೆವರೆಗೆ ತುಂಬಿ, ಗಾಳಿಗೆ ಜಾಗ ಕೊಡದಿರುವುದು ವಾಸಿ ಎಂದು ತೀರ್ಮಾನಿಸಿದೆ. ಕಾರ್ಬ್ಯುರೇಟರ್ ಮತ್ತು ಪೈಪ್ ಮಾತ್ರ ಖಾಲಿ ಮಾಡಿದೆವು, ಪೈಪುಗಳನ್ನು ಎಥನಾಲ್ ತಡೆಯುವ ಹೊಸದಕ್ಕೆ ಬದಲಿಸಿದೆವು.

ಹ್ಯಾಂಡ್‌ಬ್ರೇಕ್ ಬಿಟ್ಟು ಚಕ್ರಕ್ಕೆ ಅಡ್ಡ ಕಟ್ಟಿಗೆ. ಕ್ಲಚ್ ಪೆಡಲ್ ಒತ್ತಿ ಹಿಡಿಯಲು ಸೀಟಿನ ಚೌಕಟ್ಟಿಗೆ ಆನಿಸಿ ಒಂದು ಬೆತ್ತದ ಕೋಲು. ಟಯರಿಗೆ ಹತ್ತು ಪೌಂಡ್ ಹೆಚ್ಚು ಗಾಳಿ. ಬ್ಯಾಟರಿ ಬಿಚ್ಚಿ ಮನೆಯೊಳಗೆ, ತಿಂಗಳಿಗೊಮ್ಮೆ ಚಾರ್ಜು, 12.4 ವೋಲ್ಟಿಗಿಂತ ಕೆಳಗೆ ಇಳಿಯಬಾರದು. ಸೀಟಿನ ಮೆತ್ತೆಗಳು ಅಡುಗೆಮನೆಯ ಮೇಲಿನ ಅಟ್ಟಕ್ಕೆ ಹೋದವು. ಮ್ಯಾಟ್, ಗೋಣಿ ಹಾಸು ಹೊರಗೆ. ವಿಮೆ ಮಾತ್ರ ನಿಲ್ಲಿಸಬಾರದು, ಕಾರು ಓಡದಿದ್ದರೂ ಮರ ಬೀಳಬಹುದು, ನೆರೆ ಬರಬಹುದು.

ಕ್ಯಾಬಿನ್ನಿನ ನೆಲದಲ್ಲಿ ತಂತಿಯ ಗೂಡಿನೊಳಗೆ 60 ವ್ಯಾಟಿನ ಹಳೆಯ ಮಾದರಿಯ ಫಿಲಮೆಂಟ್ ಬಲ್ಬ್ ಒಂದು. ಎಲ್ಇಡಿ ಕಾಯುವುದು ಕಡಿಮೆ, ಈ ಕೆಲಸಕ್ಕೆ ಆಗದು. ಬಾನೆಟ್ಟಿನೊಳಗೆ ಬಲ್ಬ್ ಇಡುವುದನ್ನು ನಾನು ಖಡಾಖಂಡಿತ ನಿರಾಕರಿಸಿದೆ, ಪೆಟ್ರೋಲಿನ ಆವಿ ಇರುವ ಜಾಗ ಅದು. ಕ್ಯಾಬಿನ್ನಿನ ಬಲ್ಬೂ ಹಗಲು ಮನೆಯಲ್ಲಿ ಜನ ಇರುವಾಗ ಮಾತ್ರ, ಶಾಕ್ ತಡೆಯುವ ಟ್ರಿಪ್ ಸ್ವಿಚ್ ಇರುವ ಸಾಲಿನಿಂದ. ಪೆಟ್ರೋಲ್ ವಾಸನೆ ಬಂದ ದಿನ ಹಾಕಲೇಬಾರದು. ಮೇಲೆ ಹಳೆಯ ಹತ್ತಿ ಸೀರೆಗಳನ್ನು ಹೊಲಿದು ಮಾಡಿದ ಹೊದಿಕೆ, ತಾಯಿಯೇ ಹೊಲಿದುಕೊಟ್ಟರು. ಧೂಳು ತಡೆಯುತ್ತದೆ, ಉಸಿರು ಕಟ್ಟಿಸುವುದಿಲ್ಲ.

ಮಳೆ ನಡೆದ ದಾರಿ

ಮೃಗಶಿರಾ, ಆರಿದ್ರಾ ಎರಡೂ ತೊಂದರೆಯಿಲ್ಲದೆ ಕಳೆದವು. ಹುಡುಗ ಹದಿನೈದು ದಿನಕ್ಕೊಮ್ಮೆ ಕಾರನ್ನು ಅರ್ಧ ಚಕ್ರದಷ್ಟು ಸರಿಸುತ್ತಿದ್ದ, ತೇವಾಂಶ ತೋರಿಸುವ ಸಣ್ಣ ಮೀಟರಿನ ಫೋಟೋ ಕಳಿಸುತ್ತಿದ್ದ. ಶೆಡ್ಡಿನೊಳಗೆ 90ರ ಮೇಲೆ, ಬಲ್ಬ್ ಉರಿಯುವ ಹೊತ್ತಿನಲ್ಲಿ ಕ್ಯಾಬಿನ್ನಿನಲ್ಲಿ 70ರ ಸುತ್ತ.

ಪುನರ್ವಸು ಮಳೆಯಲ್ಲಿ, ಜುಲೈ 16ರಂದು, ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿಯಿತು. ಜನ ಸತ್ತರು, ಲಾರಿಗಳು ಗಂಗಾವಳಿಗೆ ಹೋದವು. ಆ ದಿನಗಳಲ್ಲಿ ಕಾರಿನ ಯೋಚನೆ ಯಾರಿಗೂ ಇರಲಿಲ್ಲ. ಕುಮಟಾದಿಂದ ಕಾರವಾರಕ್ಕೆ ನೇರ ರಸ್ತೆಯೇ ಇಲ್ಲವಾಯಿತು, ಕರೆಂಟೂ ಹೋಗಿ ಬಂದು ಮಾಡುತ್ತಿತ್ತು. ಬಲ್ಬ್ ಎಷ್ಟೋ ದಿನ ಉರಿಯಲೇ ಇಲ್ಲ. ಆದರೂ ಕಾರು ಹದಗೆಡಲಿಲ್ಲ ಎನ್ನುವುದನ್ನು ಇಲ್ಲಿ ದಾಖಲಿಸಬೇಕು. ಮುಖ್ಯ ಆಸರೆ ಬಲ್ಬ್ ಆಗಿರಲಿಲ್ಲ. ಒಣಗಿಸಿ ಒಳಗಿಟ್ಟದ್ದು, ಗಾಳಿಗೆ ದಾರಿ ಬಿಟ್ಟದ್ದು, ಈ ಎರಡಕ್ಕೂ ಕರೆಂಟು ಬೇಡ.

ಆಶ್ಲೇಷದಲ್ಲಿ ಮಳೆ ಬಿಡುವು ಕೊಟ್ಟ ಒಂದು ಬೆಳಿಗ್ಗೆ ಹುಡುಗ ಫೋನ್ ಮಾಡಿದ. "ಅಣ್ಣಾ, ಬಿಸಿಲು ಬಂತು, ಆದ್ರೆ ಇಂಜಿನ್ ಮೇಲೆ ಪೂರಾ ನೀರು. ಮಾಡು ಸೋರ್ತಾ ಇಲ್ಲ." ಅವನು ಕಂಡದ್ದು ಸರಿ. ರಾತ್ರಿಯಿಡೀ ತಣಿದ ಇಂಜಿನ್ನಿನ ಕಬ್ಬಿಣ ಬೇಗ ಕಾಯುವುದಿಲ್ಲ. ಬಿಸಿಲಿಗೆ ಕಾದ ಹಸಿ ಗಾಳಿ ಅದಕ್ಕೆ ತಾಗಿ ನೀರಾಗಿ ಇಳಿಯುತ್ತದೆ. ಜಡಿಮಳೆಯ ದಿನಕ್ಕಿಂತ ಮಳೆ ಬಿಟ್ಟ ದಿನವೇ ಇಂಜಿನ್ನಿಗೆ ಹೆಚ್ಚು ಕೆಟ್ಟದ್ದು. ಬಾನೆಟ್ ಎತ್ತಿಟ್ಟು ಟೇಬಲ್ ಫ್ಯಾನ್ ಹಚ್ಚಲು ಹೇಳಿದೆ, ಮಧ್ಯಾಹ್ನದೊಳಗೆ ಒಣಗಿತು. ಅಂದಿನಿಂದ ಬಿಸಿಲು ಬಂದ ದಿನವೆಲ್ಲ ಅವನು ಹೇಳಿಸಿಕೊಳ್ಳದೆ ಹಾಗೇ ಮಾಡಿದ.

ಚೌತಿಗೆ ಕಾರು ತೆಗೆಯಬೇಕೆಂದು ಮಗನಿಗೆ ಆಸೆ. ಆ ವರ್ಷ ಚೌತಿ ಸೆಪ್ಟೆಂಬರ್ 7ಕ್ಕೆ, ಹುಬ್ಬೆ ಮಳೆ ನಡುವೆ. ಒಮ್ಮೆ ಕೆಸರು ರಸ್ತೆಗೆ ಇಳಿದರೆ ಹೊಟ್ಟೆಯ ಲೇಪಕ್ಕೆ ಮಣ್ಣು ಹಿಡಿಯುತ್ತದೆ, ಮತ್ತೆ ತೊಳೆದು ಒಣಗಿಸಲು ಬಿಸಿಲಿರುವುದಿಲ್ಲ. ಆಯುಧ ಪೂಜೆಗೆ ತೆಗೆಯೋಣ ಎಂದೆ. ತಾಯಿಯೂ ಅದನ್ನೇ ಹೇಳಿದ್ದರಿಂದ ಮಾತು ಅಲ್ಲಿಗೆ ನಿಂತಿತು.

ಹೊರತೆಗೆದಾಗ

ಅಕ್ಟೋಬರಿನಲ್ಲಿ ಬಟ್ಟೆ ಹೊರತೆಗೆದು, ಪ್ಲಗ್ ಬಿಚ್ಚಿದಂತೆಯೇ ಸ್ಟಾರ್ಟರ್ ಹೊಡೆದು ಆಯಿಲ್ ಒತ್ತಡ ಬರುವವರೆಗೆ ತಿರುಗಿಸಿ, ಆಮೇಲೆ ಪ್ಲಗ್ ಹಾಕಿ ಚಾಲೂ ಮಾಡಿದೆವು. ಸಿಲಿಂಡರಿನ ಆಯಿಲ್ ಉರಿದು ಸ್ವಲ್ಪ ಹೊತ್ತು ನೀಲಿ ಹೊಗೆ, ನಂತರ ಇಂಜಿನ್ ಸರಿಯಾಗಿ ಓಡತೊಡಗಿತು. ಕ್ಲಚ್ ಅಂಟಿರಲಿಲ್ಲ. ನೆಲದ ತಗಡು ಒಣ, ಬಂಪರ್ ಹೊಳಪು, ವೈರಿಂಗಿಗೆ ಹಲ್ಲು ತಾಗಿರಲಿಲ್ಲ.

ಬ್ರೇಕ್ ಆಯಿಲ್ ಪೂರ್ತಿ ಬದಲಿಸಿದೆವು. ಅದು ಗಾಳಿಯ ನೀರು ಕುಡಿಯುವ ದ್ರವ. ಡಾಟ್-3 ದರ್ಜೆಯದು ಹೊಸತಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು ಎಂಬುದು ನಿಯಮ. ನೀರು ಸೇರಿದ ಮೇಲಿನ ಮಿತಿ 140 ಡಿಗ್ರಿ. ದೀಪಾವಳಿಗೆ ಇದೇ ಕಾರಿನಲ್ಲಿ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗುವ ಯೋಚನೆ ಅವರದು. ಇಳಿಯುವಾಗ ಡ್ರಮ್ ಕಾದು ಆಯಿಲ್ ಕುದಿದರೆ ಪೆಡಲ್ ನೆಲಕ್ಕೆ ಹೋಗುತ್ತದೆ. ಇದರಲ್ಲಿ ಉಳಿತಾಯ ನೋಡಬಾರದು.

ತಪ್ಪಿಸಿಕೊಂಡವೂ ಇದ್ದವು. ಎಡ ಹಿಂಚಕ್ರದ ಬ್ರೇಕ್ ಸಿಲಿಂಡರ್ ಹಿಂದಿನ ವರ್ಷ ಉಜ್ಜಿ ಹಾಕಿದ್ದು ಮತ್ತೆ ಹಿಡಿದುಕೊಂಡಿತ್ತು. ಬ್ಯಾಟರಿ ತಟ್ಟೆಯ ಕೆಳಗಿನ ಬೆಸುಗೆ ಸಾಲಿನಲ್ಲಿ ಹೊಸ ತುಕ್ಕು. ಕಾರಿನ ಛಾವಣಿಯ ಒಳಬಟ್ಟೆಯ ಹಿಂದಿನ ಮೂಲೆಗೆ ಬಲ್ಬಿನ ಶಾಖ ಮುಟ್ಟಿರಲಿಲ್ಲ, ಅಲ್ಲಿ ಅಂಗೈ ಅಗಲ ಬೂಸ್ಟು.

ಪೂಜೆ ಮುಗಿಸಿ, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ, ಟ್ಯಾಗೋರ್ ಕಡಲತೀರದ ಕಡೆ ಹೊರಟರೆ ಸ್ವಲ್ಪ ದೂರದಲ್ಲಿ ಕಾರು ಕೆಮ್ಮಿ ನಿಂತಿತು. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಇಲ್ಲ. ಪಂಪ್ ಹೊಸತು, ಪೈಪ್ ಹೊಸದು. ಟ್ಯಾಂಕಿನ ಮುಚ್ಚಳ ತಿರುಗಿಸಿದಾಗ ಸುಯ್ಯೆಂದು ಗಾಳಿ ಒಳಗೆ ಎಳೆದುಕೊಂಡಿತು, ಆಮೇಲೆ ಚಾಲೂ ಆಯಿತು. ಮತ್ತೆ ಸ್ವಲ್ಪ ದೂರ, ಮತ್ತೆ ಅದೇ. ಅಂದರೆ ಟ್ಯಾಂಕಿಗೆ ಗಾಳಿ ಹೋಗುವ ದಾರಿ ಕಟ್ಟಿದೆ, ಪೆಟ್ರೋಲ್ ಇಳಿದಂತೆ ಒಳಗೆ ನಿರ್ವಾತವಾಗಿ ಪಂಪಿಗೆ ಎಳೆಯಲು ಆಗುತ್ತಿಲ್ಲ. ಕೆಳಗೆ ಮಲಗಿ ನೋಡಿದೆ. ಗಾಳಿ ಪೈಪಿನ ಬಾಯಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು. ಹೊರಗೆ ಉಗುರಿನಷ್ಟು ನುಣ್ಣನೆಯ ಮುಚ್ಚಳ, ತಂತಿ ಹಾಕಿ ಒಡೆದಾಗ ಒಳಗೆ ಅದರ ಮರಿಗೆಂದು ತುಂಬಿಟ್ಟ ಸಣ್ಣ ಜೇಡಗಳು. ಸೈಲೆನ್ಸರಿಗೆ ಬಟ್ಟೆ ತುರುಕಿದ್ದರಿಂದ ಅದು ಹುಡುಕಿಕೊಂಡದ್ದು ಈ ತೂತು.

2025ರ ಮೇ ತಿಂಗಳಿಗೆ ಪಟ್ಟಿಯಲ್ಲಿ ಸೇರಿಸಿದ್ದು: ಆ ಪೈಪಿನ ಬಾಯಿಗೆ ಗಾಳಿ ಆಡುವಂತೆ ಸಣ್ಣ ಕಣ್ಣಿನ ಹಿತ್ತಾಳೆ ಜಾಳಿಗೆ, ಹಿಂದಿನ ಎರಡೂ ಬ್ರೇಕ್ ಸಿಲಿಂಡರ್ ಹೊಸದು, ಬ್ಯಾಟರಿ ತಟ್ಟೆ ಕಳಚಿ ಸಾಲಿಗೆ ಮೇಣ, ಬಲ್ಬಿನ ಗೂಡನ್ನು ಹಿಂದಿನ ಸೀಟಿನ ಜಾಗಕ್ಕೆ ಸರಿಸುವುದು. ಮಡಲಿನ ತಟ್ಟಿ ಹೆಣೆಯುವವರಿಗೆ ತಾಯಿ ಆಗಲೇ ಹೇಳಿಟ್ಟಿದ್ದರು.